ಅಕ್ಕೋರ ರಾಕೆಟ್ಟು, ನನ್ನ ಕೊಡೆ

ನನ್ನ ಕ್ರೀಡಾ ಕೊಠಡಿಯ ಗೂಟಕ್ಕೆ ಬಟ್ಟೆಯಿಲ್ಲದ ಕೊಡೆಯೊಂದು ನೇತಾಡುತ್ತಿದೆ. ಹಿಡಿಕೆ ಇದೆ, ಕಡ್ಡಿಗಳಿವೆ, ಗುಂಡಿ ಒತ್ತಿದರೆ ಠಪ್ಪೆಂದು ಬಿಚ್ಚಿಕೊಳ್ಳುತ್ತದೆ ಕೂಡ. ಮೊನ್ನೆ ವರ್ಗವಾಗಿ ಬಂದ ಹೊಸ ವಿಜ್ಞಾನ ಮಾಸ್ತರರು ಅದನ್ನು ನೋಡಿ, ಇದನ್ನೇಕೆ ಇಟ್ಟುಕೊಂಡಿದ್ದೀರಿ, ಗುಜರಿಗೆ ಹಾಕಬಾರದೇ ಎಂದರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಹಾನಗಲ್ ತಾಲೂಕಿಗೆಲ್ಲ ಗೊತ್ತಿರುವ ವಿಷಯ. ಪಿ.ಟಿ. ಮಾಸ್ತರನಿಗೆ ಸಿಟ್ಟು ಬರದಿದ್ದರೆ ಸೀಟಿ ಊದುವವರು ಯಾರು? ಆದರೆ ಆ ಹುಡುಗ ಮಾಸ್ತರರಿಗೆ ಬೈದು ಉಪಯೋಗವಿಲ್ಲ. ಅವರು ನಮ್ಮ ಅಕ್ಕೋರನ್ನು ಕಂಡವರಲ್ಲ.

ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. ಇವರು ವಿಜ್ಞಾನದ ಅಕ್ಕೋರು. ಹೆಸರು ಬರೆಯುವುದಿಲ್ಲ, ಬರೆದರೆ ಸವಣೂರಿನಿಂದ ಫೋನ್ ಮಾಡಿ, "ಮಾಸ್ತರ, ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರಿ" ಎಂದು ಕೇಳುತ್ತಾರೆ. ಸವಣೂರು ಅವರ ತವರು. ನಿವೃತ್ತಿಯಾದ ಮೇಲೆ ಅಲ್ಲಿಯೇ, ಅಣ್ಣನ ಎಲೆತೋಟದ ಮಗ್ಗುಲಲ್ಲಿ ಮನೆ ಮಾಡಿದ್ದಾರೆ. ತವರಿಗೆ ಹೋಗಿ ಬಂದಾಗಲೆಲ್ಲ ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಸವಣೂರು ಖಾರದ, ಎಂದರೆ ಅಲ್ಲಿಯ ಹೆಸರಾದ ಕುರುಕು ತಿಂಡಿಯ, ಪೊಟ್ಟಣ ಬಿಚ್ಚಿಡುತ್ತಿದ್ದರು. ಆ ಖಾರ ತಿಂದ ಋಣಕ್ಕೆ ನಾನು ಏನೆಲ್ಲ ಕಳೆದುಕೊಂಡೆ ಎಂಬುದೇ ಈ ಕಥೆ.

ಆಡೂರಿನ ಕಡೆ ಹೋಗುವ ರಸ್ತೆಯ ಪಕ್ಕದ ನಮ್ಮ ಹೈಸ್ಕೂಲಿನಲ್ಲಿ ಅವರ ಪ್ರಯೋಗಾಲಯವೂ ನನ್ನ ಕ್ರೀಡಾ ಕೊಠಡಿಯೂ ಒಂದೇ ಗೋಡೆಯ ಆಚೀಚೆ. ಅವರಿಗೆ ಒಂದು ಚಟವಿತ್ತು. ಯಾವ ವಸ್ತು ಕೈಗೆ ಸಿಕ್ಕರೂ ಬೆರಳ ಗೆಣ್ಣಿನಿಂದ ಅದಕ್ಕೆ ಕುಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದರು. ಪೈಪು, ಡಬ್ಬಿ, ಹಲಗೆ, ಒಮ್ಮೆ ಶಾಲೆ ತಪಾಸಣೆಗೆ ಬಂದ ಸಾಹೇಬರು ಕಳಚಿಟ್ಟ ಹೆಲ್ಮೆಟ್ಟು. ಸದ್ದು ಮನಸ್ಸಿಗೆ ಬಂದರೆ ವಸ್ತು ಅವರ ವ್ಯಾನಿಟಿ ಬ್ಯಾಗಿಗೆ, ಅಲ್ಲಿ ಹಿಡಿಸದಿದ್ದರೆ ಪ್ರಯೋಗಾಲಯದ ಅಟ್ಟಕ್ಕೆ. ಆ ಬ್ಯಾಗಿನಲ್ಲಿ ಕರವಸ್ತ್ರ, ಪೌಡರ್ ಡಬ್ಬಿಗಳ ಜೊತೆಗೆ ಗರಗಸದ ಅಲಗು ಇರುತ್ತಿತ್ತು. ಯಾರಾದರೂ ಏನನ್ನಾದರೂ ಎಸೆಯಲು ಕೈ ಎತ್ತಿದರೆ ಸಾಕು, ಎಲ್ಲಿದ್ದರೂ ಅವರ ದನಿ ಬರುತ್ತಿತ್ತು: "ಒಗೀಬ್ಯಾಡ್ರಿ."

ಪಾಠದಲ್ಲಿಯೂ ಅವರದು ಬೇರೆಯದೇ ರೀತಿ. ಕಿರುಪರೀಕ್ಷೆಯಲ್ಲಿ ಉತ್ತರ ಬಾರದವರು ಏನಾದರೂ ಗೀಚದೆ "ಗೊತ್ತಿಲ್ಲ" ಎಂದು ಬರೆದರೆ ಅರ್ಧ ಅಂಕ ಕೊಡುತ್ತಿದ್ದರು. ಸುಳ್ಳು ಬರೆದವರಿಗೆ ಸೊನ್ನೆ. ನಮ್ಮ ಹುಡುಗರು ಬಿಡುತ್ತಾರೆಯೇ? ಒಂದು ಸಲ ಇಡೀ ತರಗತಿ ಇಡೀ ಪತ್ರಿಕೆಗೆ "ಗೊತ್ತಿಲ್ಲ ರಿ ಅಕ್ಕೋರ" ಎಂದು ಬರೆದು ಕೊಟ್ಟಿತು. ಅಕ್ಕೋರು ಬೈಯಲಿಲ್ಲ. ಎಲ್ಲರಿಗೂ ಅರ್ಧರ್ಧ ಅಂಕ ಹಾಕಿ, ಮರುದಿನದಿಂದ ಒಬ್ಬೊಬ್ಬರನ್ನೇ ನಿಲ್ಲಿಸಿ, ಏನು ಗೊತ್ತಿಲ್ಲ, ಎಲ್ಲಿಂದ ಗೊತ್ತಿಲ್ಲ, ಯಾಕೆ ಗೊತ್ತಿಲ್ಲ ಎಂದು ವಾರಗಟ್ಟಲೆ ಕೇಳಿದರು. ಅದಕ್ಕಿಂತ ಓದುವುದೇ ಸುಖ ಎಂದು ಹುಡುಗರು ಓದಲು ಕುಳಿತರು.

ರಾಕೆಟ್ಟಿನ ಹುಚ್ಚು ಹಿಡಿದದ್ದು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಆಕೆ ಈಗ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅಲ್ಲಿ ವಿದ್ಯಾರ್ಥಿಗಳು ಆಳೆತ್ತರದ ರಾಕೆಟ್ಟು ಮಾಡಿ ಹಾರಿಸುತ್ತಾರಂತೆ. ಗುರುವಿಗೆ ನಮಸ್ಕಾರ ಮಾಡಿ ಹೋಗಲು ಬಂದವಳು ಮೊಬೈಲಿನಲ್ಲಿ ಆ ವಿಡಿಯೋ ತೋರಿಸಿದಳು. ಎಲ್ಲರೂ ರಾಕೆಟ್ಟು ಏರುವುದನ್ನು ನೋಡಿ ಬೆರಗಾದರೆ ಅಕ್ಕೋರು, "ಆಮ್ಯಾಲೆ ಏನಾತು? ಎಲ್ಲೆ ಬಿತ್ತು?" ಎಂದು ಕೇಳಿದರು. ಬಿದ್ದದ್ದು ವಿಡಿಯೋದಲ್ಲಿ ಇರಲಿಲ್ಲ. ಅಂದಿನಿಂದ ಅವರಿಗೆ ಅದೇ ಧ್ಯಾನ. ನನಗೆ ಅದೆಷ್ಟು ಸಲ ಹೇಳಿದರೋ: "ಏರ್ಸೂದು ಯಾರಿಗಾದ್ರೂ ಬರತೈತ್ರಿ ಮಾಸ್ತರ. ಇಳಸೂದು ಬರಬೇಕು."

ಬೆಂಕಿ ಉಗುಳುವ ಮೋಟರು ಮಾತ್ರ ಗುಜರಿಯಿಂದ ಆಗುವಂಥದ್ದಲ್ಲ, ಅದಕ್ಕೆ ನೀವು ಕೈ ಹಚ್ಚಕೂಡದು ಎಂದು ಆ ವಿದ್ಯಾರ್ಥಿನಿ ಗುರುವಿಗೇ ಕಟ್ಟಪ್ಪಣೆ ಮಾಡಿದಳು. ಅದನ್ನು ಪರವಾನಗಿ ಇದ್ದವರಿಂದ ಆಕೆಯೇ ತರುತ್ತಿದ್ದಳು, ಪೊಲೀಸ್ ಠಾಣೆಗೆ ತಿಳಿಸುತ್ತಿದ್ದಳು, ಹಚ್ಚುವಾಗ ಎಲ್ಲರನ್ನೂ ದೂರ ಅಟ್ಟುತ್ತಿದ್ದಳು. ಉಳಿದದ್ದೆಲ್ಲ ಅಕ್ಕೋರ ಅಟ್ಟದಿಂದ ಇಳಿದು ಬಂತು. ಅಟ್ಟದಲ್ಲಿ ಇಲ್ಲದ್ದು ಗೋಡೆಯ ಈಚೆಯಿಂದ, ಎಂದರೆ ನನ್ನ ಕೊಠಡಿಯಿಂದ, ಹೋಯಿತು.

ಮೊದಲನೆಯದು ಸಣ್ಣ ರಾಕೆಟ್ಟು. ಶಾಲೆಯ ಮೈದಾನ ಸಾಲದೆಂದು ಅದರ ಹಿಂದಿರುವ ಗೌಡರ ಹೊಲ ಕೇಳಿದ್ದರು. ಗೋವಿನಜೋಳ ಕಿತ್ತು ಖಾಲಿ ಬಿದ್ದ ಹೊಲ. ರಾಕೆಟ್ಟು ಚೆಂದವಾಗಿಯೇ ಏರಿತು. ಆದರೆ ಇಳಿಯುವಾಗ ಬಿಚ್ಚಿಕೊಳ್ಳಬೇಕಾದ ಛತ್ರಿ, ಎಂದರೆ ಹಳೆಯ ಪ್ಲಾಸ್ಟಿಕ್ ಹಾಳೆಯ ಪ್ಯಾರಾಶೂಟು, ಮಡಿಕೆಗೆ ಮಡಿಕೆ ಅಂಟಿಕೊಂಡು ಬಿಚ್ಚಲೇ ಇಲ್ಲ. ರಾಕೆಟ್ಟು ತಲೆಕೆಳಗಾಗಿ ಬಂದು ಗೌಡರ ಮೇವಿನ ಬಣವೆಯಲ್ಲಿ ಕಂಠಮಟ್ಟ ಹೂತುಕೊಂಡಿತು. ಪುಣ್ಯಕ್ಕೆ ಬೆಂಕಿ ಆರಿತ್ತು. ಆದರೆ ಬಣವೆಯ ಮಗ್ಗುಲಲ್ಲಿದ್ದ ಎಮ್ಮೆ ಬೆದರಿ ಆ ಸಂಜೆ ಹಾಲು ಕೊಡಲಿಲ್ಲ.

ಗೌಡರು ಒಳ್ಳೆಯ ಮನುಷ್ಯ. ಊರಿನ ಯಾವ ಕೆಲಸಕ್ಕೂ ಇಲ್ಲವೆಂದವರಲ್ಲ. ಆದರೆ ಎಮ್ಮೆಯ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಇನ್ನು ಮೇಲೆ ಹೊಲದಲ್ಲಿ ಕಾಲಿಡಬೇಡಿ ಎಂದು ಹೇಳಿ ಕಳಿಸಿದರು. ಮುಖ್ಯಗುರುಗಳಿಗೂ ಹೆದರಿಕೆ ಹತ್ತಿ, ಅಟ್ಟದ ಸಾಮಾನೆಲ್ಲ ಗುಜರಿಗೆ ಹಾಕಿ ಪ್ರಯೋಗಾಲಯವನ್ನು ಬಿಸಿಯೂಟದ ಅಕ್ಕಿಬೇಳೆಯ ಉಗ್ರಾಣ ಮಾಡಿಬಿಡೋಣ, ಹೇಗೂ ಅಕ್ಕೋರು ಫೆಬ್ರುವರಿ ಕೊನೆಗೆ ನಿವೃತ್ತಿಯಾಗುತ್ತಾರೆ ಎಂದು ಮಾತಾಡತೊಡಗಿದರು.

ಅಕ್ಕೋರು ಮೊದಲ ಸಲ ಸಪ್ಪಗಾದದ್ದನ್ನು ಆಗ ನೋಡಿದೆ. ಖಾರದ ಪೊಟ್ಟಣ ಬಿಚ್ಚಿಟ್ಟು ತಾವು ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ. ಇಷ್ಟು ವರ್ಷ ಹುಡುಗರಿಗೆ ಏರುವ ಪಾಠ ಮಾಡಿದೆ, ಒಂದನ್ನಾದರೂ ಸರಿಯಾಗಿ ಇಳಿಸಿ ತೋರಿಸದೆ ಹೋಗುತ್ತೇನಲ್ಲ ಎಂದರು. ನಾನು ಎದ್ದವನೇ ಗೌಡರ ಮನೆಗೆ ಹೋಗಿ, ಒಂದೇ ಒಂದು ಸಲ ಹೊಲ ಕೊಡಿ, ಮೆತ್ತಗೆ ಇಳಿಯದಿದ್ದರೆ ನನ್ನನ್ನು ಕೇಳಿ, ಅಕ್ಕೋರು ಇನ್ನು ಸೊಲ್ಲೆತ್ತಿದರೂ ನಾನೇ ತಡೆಯುತ್ತೇನೆ ಎಂದು ಜಾಮೀನು ನಿಂತೆ. ಗೌಡರು ಬಹಳ ಹೊತ್ತು ಎಲೆ ಅಡಿಕೆ ಅಗಿದು, ಎರಡು ಮಾತು ಹೇಳಿದರು. ಒಂದು, ಒಂದೇ ಸಲ. ಎರಡು, ಕಾಯಿ ಒಡೆಯದೆ ತಮ್ಮ ಹೊಲದಲ್ಲಿ ಏನೂ ಸುರುವಾಗಕೂಡದು. ಹೋದ ಸಲ ಕಾಯಿ ಒಡೆದಿರಲಿಲ್ಲ, ಅದಕ್ಕೇ ಹಾಗಾಯಿತು. ನಾನು ಎರಡಕ್ಕೂ ಹೂಂ ಎಂದೆ.

ದೊಡ್ಡ ರಾಕೆಟ್ಟಿನ ಕೆಲಸ ಸುರುವಾಯಿತು. ಮೈಗೆ ಶಿಗ್ಗಾವಿಯಲ್ಲಿ ಫ್ಲೆಕ್ಸ್ ಬ್ಯಾನರು ಮಾಡುವ ಅಂಗಡಿಯವರು ಎಸೆದಿದ್ದ ದಪ್ಪ ರಟ್ಟಿನ ಕೊಳವೆ. ಅದಕ್ಕೆ ಹಳೆಯ ಧೋತರ ಸುತ್ತಿ, ಅಂಟು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಕುಟ್ಟಿ ಕೇಳಿ ಕೇಳಿ ಗಟ್ಟಿ ಮಾಡಿದರು. ಬಾಲದ ರೆಕ್ಕೆಗಳಿಗೆ ನನ್ನ ಕೇರಂ ಬೋರ್ಡು. ಅದರ ಒಂದು ಮೂಲೆ ಮುಕ್ಕಾಗಿತ್ತು, ಅಷ್ಟಕ್ಕೇ ಅದು ಸತ್ತಿದೆ ಎಂದು ಅಕ್ಕೋರು ತೀರ್ಪು ಕೊಟ್ಟರು. ಮೂತಿಗೆ ಓಟದ ಪಂದ್ಯದಲ್ಲಿ ಗುರುತಿಗೆ ಇಡುವ ನನ್ನ ಪ್ಲಾಸ್ಟಿಕ್ ಶಂಕು. ರಾಕೆಟ್ಟು ನೆಟ್ಟಗೆ ಏರಲು ಆರಂಭದಲ್ಲಿ ಆಸರೆಯ ಕಂಬಿ ಬೇಕು. ಅದಕ್ಕೆ ನನ್ನ ಅಲ್ಯೂಮಿನಿಯಂ ಭರ್ಜಿ! ಅದನ್ನು ನಾನು ಎಣ್ಣೆ ಒರೆಸಿ, ಬಟ್ಟೆ ಸುತ್ತಿ ಮಗುವಿನಂತೆ ಇಟ್ಟಿದ್ದೆ. ಆಗುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಅಕ್ಕೋರು ಭರ್ಜಿಗೆ ಗೆಣ್ಣಿನಿಂದ ಕುಟ್ಟಿ, ಕಣ್ಣು ಮುಚ್ಚಿ ಆ ಸದ್ದು ಕೇಳಿ, ಹಾರಲಿಕ್ಕೇ ಹುಟ್ಟಿದ ವಸ್ತು ಇದು, ಇನ್ನೊಂದು ಹಾರುವುದನ್ನು ಹತ್ತಿರದಿಂದ ನೋಡಿ ಸಂತೋಷಪಡಲಿ ಬಿಡಿ ಎಂದರು. ಕೊಟ್ಟೆ. ಲೆಕ್ಕ ಹಾಕಿದರೆ ಹಾರಲು ಹೊರಟದ್ದು ರಾಕೆಟ್ಟಲ್ಲ, ನನ್ನ ಕ್ರೀಡಾ ಕೊಠಡಿ.

ಛತ್ರಿಯ ಬಟ್ಟೆ ಎಲ್ಲಿಂದ ಬಂತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಅಂಟಬಾರದೆಂದು ಮಡಿಕೆ ಮಡಿಕೆಗೆ ಪೌಡರು ಉದುರಿಸುತ್ತಿದ್ದರು. ಪ್ರಯೋಗಾಲಯ ಮದುವೆ ಮನೆಯ ಹಾಗೆ ಘಮಘಮಿಸುತ್ತಿತ್ತು.

ಮೆತ್ತಗೆ ಇಳಿಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕಾಲೇಜುಗಳಲ್ಲಿ ರಾಕೆಟ್ಟಿನೊಳಗೆ ಹಸಿ ಮೊಟ್ಟೆ ಇಟ್ಟು ಕಳಿಸುತ್ತಾರೆ, ಒಡೆಯದೆ ಬಂದರೆ ಗೆದ್ದಂತೆ ಎಂದು ವಿದ್ಯಾರ್ಥಿನಿ ಹೇಳಿದಳು. ಅಕ್ಕೋರದು ಮೊಟ್ಟೆ ಮುಟ್ಟದ ಮನೆತನ. ಒಂದು ದಿನವೆಲ್ಲ ಯೋಚಿಸಿದರು. ಮರುದಿನ ಬಿಸಿಯೂಟದಲ್ಲಿ ನನ್ನ ತಟ್ಟೆಯ ಹಪ್ಪಳ ಮುರಿದ ಸದ್ದು ಕೇಳಿ ಥಟ್ಟನೆ ತಿರುಗಿದರು. ಮೊಟ್ಟೆಗಿಂತ ನಾಜೂಕಿನ ವಸ್ತು ಸಿಕ್ಕಿತು ಎಂದು ಅವರಿಗೆ ಸಂತೋಷವೋ ಸಂತೋಷ. ಕರಿದ ಹಪ್ಪಳ ಶಂಕುವಿನೊಳಗಿನ ಒಂದು ದುಂಡನೆಯ ಸ್ಟೀಲ್ ಡಬ್ಬಿಯಲ್ಲಿ ಕುಳಿತು ಮೇಲೆ ಹೋಗಬೇಕು, ಇಡಿಯಾಗಿ ವಾಪಸು ಬರಬೇಕು. ಸುತ್ತ ಹತ್ತಿ ತುಂಬೋಣವೇ ಎಂದೆ. ಹಾಗೆ ಮಾಡಿದರೆ ಅದು ಹತ್ತಿಯ ಪರೀಕ್ಷೆಯಾಗುತ್ತದೆ, ಇಳಿಸುವ ಪರೀಕ್ಷೆ ಆಗುವುದಿಲ್ಲ ಎಂದು ಒಂದು ತೆಳುವಾದ ಬಟ್ಟೆ ಮಾತ್ರ ಹಾಸಿದರು. ಮೇಲೇರಿದಂತೆ ಒಳಗಿನ ಗಾಳಿ ಹೊರಗೆ ಹೋಗಲೆಂದು ಶಂಕುವಿಗೂ ಡಬ್ಬಿಗೂ ಸಣ್ಣ ತೂತು ಕೊರೆದರು.

ಹಾರಿಸುವ ದಿನ ಊರಿಗೆ ಊರೇ ಹೊಲದ ಬದುವಿನ ಮೇಲೆ. ಗೌಡರು ಎಮ್ಮೆಯನ್ನು ಆಚೆ ಊರಿನ ಬೀಗರ ಮನೆಗೆ ಕಳಿಸಿ, ಹೊಸ ರುಮಾಲು ಸುತ್ತಿ ಬಂದಿದ್ದರು. ಭರ್ಜಿಗೆ ಆತುಕೊಂಡು ನಿಂತ ರಾಕೆಟ್ಟಿಗೆ ಅರಿಶಿನ ಕುಂಕುಮ ಏರಿಸಿ, ಊದುಬತ್ತಿ ಬೆಳಗಿ ಎಂದು ಗೌಡರು ಹೇಳಿದಾಗ, ಮದ್ದಿನ ಹತ್ತಿರ ಊದುಬತ್ತಿಯೇ ಎಂದು ವಿದ್ಯಾರ್ಥಿನಿ ಹೌಹಾರಿ ಅದೊಂದನ್ನು ಬಿಡಿಸಿದಳು. ಆ ಗದ್ದಲದಲ್ಲಿ ಗೌಡರು ಕಾಯಿ ಒಡೆದು, ಹೊಸ ಟ್ರ್ಯಾಕ್ಟರಿಗೆ ಮಾಡುವ ಹಾಗೆ, ನೀರನ್ನು ಮೂತಿಯ ಮೇಲೆ ಭಕ್ತಿಯಿಂದ ಸುರಿದರು. ಚೆಂದ ಕಂಡಿತು. ನಾವೆಲ್ಲ ಕೈ ಮುಗಿದೆವು.

ಎಲ್ಲರನ್ನೂ ದೂರ ಸರಿಸಿದ ಮೇಲೆ ನಾನು ಸೀಟಿ ಊದಿದೆ. ವಿದ್ಯಾರ್ಥಿನಿ ತಂತಿಯ ತುದಿಯ ಗುಂಡಿ ಒತ್ತಿದಳು. ಅಬ್ಬಾ! ನಾನು ಬಹಳ ಓಟ ನೋಡಿದವನು. ಅಂಥ ಓಟ ನೋಡಿರಲಿಲ್ಲ. ಸದ್ದು ನಮ್ಮ ಎದೆಗೆ ಬಡಿಯುವಷ್ಟರಲ್ಲಿ ರಾಕೆಟ್ಟು ಕಣ್ಣಿಗೆ ಚುಕ್ಕೆಯಾಗಿತ್ತು. ಎಲ್ಲರೂ ಸಿಳ್ಳೆ ಹೊಡೆಯುತ್ತಿದ್ದರೆ ಅಕ್ಕೋರು ಮಾತ್ರ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೂ ಏನೂ ಆಗಿಲ್ಲ ಎನ್ನುವಂತೆ ನಿಂತಿದ್ದರು. ಮೇಲೆ ಎಲ್ಲೋ ಪಟ್ ಎಂದಿತು. ಕಪ್ಪನೆಯದೊಂದು ಬಿಚ್ಚಿಕೊಂಡಿತು. ರಾಕೆಟ್ಟು ಅದರ ಕೆಳಗೆ ತೂಗುತ್ತ, ಯಾವ ಅವಸರವೂ ಇಲ್ಲದೆ, ಹೊಲದ ನಟ್ಟನಡುವೆ ಇಳಿಯತೊಡಗಿತು.

ಅದು ಹತ್ತಿರ ಬಂದಂತೆ ನನ್ನ ಕಣ್ಣು ದೊಡ್ಡದಾಯಿತು. ಆ ಕಪ್ಪು ಬಟ್ಟೆಯ ಅಂಚಿನಲ್ಲಿ ನೀಲಿ ದಾರದ ತೇಪೆಯೊಂದಿತ್ತು. ಆ ತೇಪೆ ಹಾಕಿದವಳು ನನ್ನ ಹೆಂಡತಿ. ಹಿಂದಿನ ಮಳೆಗಾಲದಿಂದ ನಾನು ಹುಡುಕುತ್ತಿದ್ದ, ಬಸ್ಸಿನಲ್ಲಿ ಬಿಟ್ಟುಬಂದಿರಿ ಎಂದು ಮನೆಯಲ್ಲಿ ದಿನವೂ ಬೈಸಿಕೊಳ್ಳುತ್ತಿದ್ದ ನನ್ನ ಕೊಡೆ ಆಕಾಶದಿಂದ ಇಳಿಯುತ್ತಿತ್ತು! ಅಕ್ಕೋರ ಕಡೆ ತಿರುಗಿದೆ. ಅವರು ನನ್ನ ಕಡೆ ನೋಡದೆ, ಅದರ ಎರಡು ಕಡ್ಡಿ ಮುರಿದಿದ್ದವು, ನೀವೇ ಒಗೀತೇನಿ ಎಂದಿದ್ದಿರಿ, ಕಡ್ಡಿ ಸರಿಮಾಡಿ ಇಟ್ಟಿದ್ದೇನೆ ಎಂದರು.

ಜನ ಓಡಿದರು. ಮುಖ್ಯಗುರುಗಳು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಅಕ್ಕೋರು ಮೊಣಕಾಲೂರಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಹಪ್ಪಳ ಇಡಿಯಾಗಿತ್ತು. ಚಪ್ಪಾಳೆಯೋ ಚಪ್ಪಾಳೆ. ಗೌಡರು ರುಮಾಲು ತೆಗೆದು ಗಾಳಿಯಲ್ಲಿ ಬೀಸಿದರು.

ಅಕ್ಕೋರು ಹಪ್ಪಳವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಅದು ಹಸಿ ರೊಟ್ಟಿಯ ಹಾಗೆ ಜೋತುಬಿತ್ತು. ಚಪ್ಪಾಳೆ ನಿಂತಿತು. ಅವರು ಶಂಕುವಿನ ತೂತಿಗೆ ಬೆರಳು ಹಚ್ಚಿ, ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಕಾಯಿನೀರಿನ ರುಚಿ: ಗೌಡರು ಸುರಿದದ್ದು ತೂತಿನಿಂದ ಒಳಗಿಳಿದಿತ್ತು.

"ಇದು ಲೆಕ್ಕಕ್ಕಿಲ್ರಿ," ಎಂದರು.

ಒಡೆದಿಲ್ಲವಲ್ಲ, ಮತ್ತೇನು ಬೇಕು ಎಂದರು ಮುಖ್ಯಗುರುಗಳು. "ಮೆತ್ತಗಾದ ಹಪ್ಪಳ ಒಡೀತೈತೇನ್ರಿ ಸರ್? ಮಾಳಿಗಿ ಮ್ಯಾಲಿಂದ ಒಗದ್ರೂ ಒಡಿಯಂಗಿಲ್ಲ. ನಾವು ಮೆತ್ತಗ ಇಳಿಸೇವೋ ಇಲ್ಲೋ ನನಗ ಗೊತ್ತಿಲ್ಲ," ಎಂದು ಅಕ್ಕೋರು ಡಬ್ಬಿ ಮುಚ್ಚಿದರು. ಗೌಡರ ಮುಖ ಸಣ್ಣದಾಯಿತು. ರುಮಾಲು ಸುತ್ತಿಕೊಂಡು ಮನೆಗೆ ಹೋದರು.

ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಒಂದೇ ಸಲ ಎಂದು ಮಾತು ಕೊಟ್ಟವನು ನಾನು. ಕೊಡೆ ಹೋಯಿತು, ಕೇರಂ ಹೋಯಿತು, ಕೊಟ್ಟ ಮಾತೂ ನೀರುಪಾಲು. ಎಲ್ಲರೂ ಒಪ್ಪಿದ ಮೇಲೆ ಸುಮ್ಮನೆ ಇದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಕಣ್ಣಾರೆ ಕಂಡೆವಲ್ಲ ಮೆತ್ತಗೆ ಇಳಿದದ್ದನ್ನು ಎಂದು ಹೊಲದ ನಡುವೆಯೇ ಜಗಳಕ್ಕೆ ನಿಂತೆ. ಅಕ್ಕೋರು ಕೊಡೆಯ ಬಟ್ಟೆಯನ್ನು ಜೋಪಾನವಾಗಿ ಮಡಚುತ್ತಿದ್ದರು. ಒಮ್ಮೆ ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು.

"ಗೊತ್ತಿಲ್ಲ ಅಂತ ಬರದ ಹುಡುಗೂರಿಗೆ ಅರ್ಧ ಮಾರ್ಕು ಕೊಟ್ಟಾಕಿ ನಾ. ಇವತ್ತ ನಾನ ಗೊತ್ತಿಲ್ಲ ಅನ್ನಾಕ ನಾಚಿದ್ರ ಹೆಂಗ್ರಿ ಮಾಸ್ತರ?"

ನಾನು ಭರ್ಜಿ ಕಿತ್ತು ಹೆಗಲಿಗೆ ಏರಿಸಿಕೊಂಡೆ. ಮನೆಗೆ ಹೋಗಿ ಹೆಂಡತಿಗೆ ಕೊಡೆಯ ಕಥೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು, ಸಿಟ್ಟು ಹೋಯಿತು. ಆದರೆ ಅಕ್ಕೋರು ಆ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದ್ದು ಮಾತ್ರ ಕಣ್ಣಿನಿಂದ ಹೋಗಲಿಲ್ಲ. ಉಳಿದಿದ್ದ ದಿನಗಳಲ್ಲಿ ಅವರು ಅಟ್ಟ ಖಾಲಿ ಮಾಡತೊಡಗಿದರು. ಅದನ್ನೂ ಇದನ್ನೂ ಕುಟ್ಟಿ ನೋಡಿ, ಒಂದು ಮೂಲೆಗೆ ಇಡುತ್ತಿದ್ದರು. ಒಗೀಬ್ಯಾಡ್ರಿ ಎನ್ನುವ ದನಿ ಕೇಳುತ್ತಿರಲಿಲ್ಲ.

ಒಂದು ಮುಂಜಾನೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗೌಡರು ಶಾಲೆಯ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಸುಲಿದ ತೆಂಗಿನಕಾಯಿ. ಸೀದಾ ಅಕ್ಕೋರ ಹತ್ತಿರ ಬಂದು, ನನ್ನ ಮುಖವನ್ನೂ ನೋಡದೆ ಹೇಳಿದರು:

"ಕಾಯಿ ನಂದು, ತಪ್ಪೂ ನಂದು. ಈ ಸಲ ಬದುವಿನ ಮ್ಯಾಲೆ ಒಡದು, ನೀರು ನಾವ ಕುಡುದ ಬಿಡೂಣ್ರಿ ಅಕ್ಕೋರ."

ವಿದ್ಯಾರ್ಥಿನಿಯ ಹತ್ತಿರ ಇನ್ನೊಂದು ಮೋಟರು ಇತ್ತು. ದಿನ ಮಾತ್ರ ಬೇರೆ ಉಳಿದಿರಲಿಲ್ಲ, ಅಕ್ಕೋರ ಸೇವೆಯ ಕೊನೆಯ ದಿನವೇ ಆಗಬೇಕಾಯಿತು. ಮಧ್ಯಾಹ್ನ ಬೀಳ್ಕೊಡುಗೆ, ಮುಂಜಾನೆ ರಾಕೆಟ್ಟು. ಬಿಸಿಯೂಟದ ಅಡುಗೆಯವ್ವ ಆಗತಾನೇ ಕರಿದ ಹಪ್ಪಳವನ್ನು ಮುಚ್ಚಿಕೊಂಡು ಓಡಿ ಬಂದಳು. ಬದುವಿನ ಮೇಲೆ ಕಾಯಿ ಒಡೆದು ಗೌಡರು, ಮುಖ್ಯಗುರುಗಳು, ನಾನು ಒಂದೊಂದು ಗುಟುಕು ಕುಡಿದೆವು. ಸೀಟಿ ಊದಿದೆ. ನನ್ನ ಕೊಡೆ ಎರಡನೆಯ ಸಲ ಆಕಾಶ ಕಂಡಿತು. ಗಾಳಿ ಸ್ವಲ್ಪ ಎಳೆದು, ಇಳಿದದ್ದು ಬಣವೆಯಿಂದ ಕೂಗಳತೆಯಲ್ಲಿ. ನಾನು ಬಣವೆಯ ಕಡೆ ಅರ್ಧ ದಾರಿ ಓಡಿಬಿಟ್ಟಿದ್ದೆ.

ಡಬ್ಬಿ ಬಿಚ್ಚಿದರು. ಹಪ್ಪಳ ಇಡಿಯಾಗಿತ್ತು, ಜೋತು ಬೀಳಲಿಲ್ಲ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅಕ್ಕೋರ ಬಾಯಿ ನೋಡುತ್ತಿದ್ದರು. ಮುಖ್ಯಗುರುಗಳು ಅವಸರದಿಂದ, ಇದನ್ನು ಗಾಜಿನ ಕಪಾಟಿನಲ್ಲಿ ಇಡೋಣ, ಕೆಳಗೆ ನಿಮ್ಮ ಹೆಸರು ಬರೆಸೋಣ, ಪ್ರಯೋಗಾಲಯಕ್ಕೆ ಯಾರೂ ಕೈ ಹಚ್ಚುವುದಿಲ್ಲ ಎಂದರು. ಅವರ ಮಾತು ಮನಸ್ಸಿನಿಂದ ಬಂದಿತ್ತು. ಅಕ್ಕೋರು ಹಪ್ಪಳವನ್ನು ಅಂಗೈಯಲ್ಲಿ ಇಟ್ಟುಕೊಂಡು ಒಂದು ಗಳಿಗೆ ನೋಡಿದರು. ಇಷ್ಟು ವರ್ಷದ ಕೆಲಸದಲ್ಲಿ ಅವರಿಗೆ ಇಳಿದು ಬಂದ ಒಂದೇ ಒಂದು ವಸ್ತು ಅದು.

"ಮುರದು ನೋಡ್ಲಿಲ್ಲಂದ್ರ ಗರಿಗರಿ ಐತೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ ಸರ್?"

ಹಾಗೆಂದು ಎರಡೂ ಕೈಯಿಂದ ಹಿಡಿದು ಅದನ್ನು ಕಿವಿಯ ಹತ್ತಿರ ತಂದು ಮುರಿದರು. ಕಟುಂ! ಬದುವಿನ ಮೇಲಿದ್ದವರಿಗೂ ಕೇಳಿಸಿತು. ಆಮೇಲೆ ಎದ್ದ ಗದ್ದಲದಲ್ಲಿ ಗೌಡರು ನನ್ನನ್ನು ಎತ್ತಿಯೇ ಬಿಟ್ಟರು.

ಅಕ್ಕೋರು ಹಪ್ಪಳವನ್ನು ಚೂರು ಚೂರು ಮಾಡಿ, ಪ್ರಸಾದದ ಹಾಗೆ ಸುತ್ತಲಿದ್ದವರ ಅಂಗೈಗೆ ಹಾಕುತ್ತ ಬಂದರು. ಗೌಡರಿಗೆ, ಮುಖ್ಯಗುರುಗಳಿಗೆ, ವಿದ್ಯಾರ್ಥಿನಿಗೆ, ಅಡುಗೆಯವ್ವನಿಗೆ. ಕೊನೆಗೆ ನನ್ನ ಹತ್ತಿರ ಬಂದಾಗ ಉಗುರಿನಷ್ಟು ಉಳಿದಿತ್ತು. ಅದನ್ನೂ ಎರಡು ಮಾಡಿ ಅರ್ಧ ನನಗೆ ಕೊಟ್ಟು, ಅರ್ಧ ತಾವು ಬಾಯಿಗೆ ಹಾಕಿಕೊಂಡರು.

"ಈಗ ಲೆಕ್ಕಕ್ಕ ಬಂತ್ರಿ ಮಾಸ್ತರ," ಎಂದರು, ಅಗಿಯುತ್ತ.